ರಾಣಿ ಯಾರ ಕೈಯಲ್ಲಿ? ಬ್ರಿಜ್ ಆ್ಯಪ್ ಜೊತೆ ಮೂರು ವರ್ಷ

ನಾಲ್ಕನೆಯ ಕೈ ಸಿಗದೆ ನಮ್ಮ ಭಾನುವಾರದ ಬ್ರಿಜ್ (ಇಬ್ಬಿಬ್ಬರು ಜೊತೆಯಾಗಿ ನಾಲ್ವರು ಆಡುವ ಇಸ್ಪೀಟು) ನಿಂತುಹೋದಾಗ ಈ ಆ್ಯಪ್ ಹಾಕಿಕೊಂಡೆ. ಮೂರು ಕೈ ಯಂತ್ರದ್ದು, ಒಂದು ನನ್ನದು. ರಾತ್ರಿ ಊಟವಾದ ಮೇಲೆ ನಾಲ್ಕು ಆಟ, ಹೆಂಡತಿ ಗೊಣಗಿದರೆ ಎರಡು.

ಹೋದ ತಿಂಗಳ ಒಂದು ಆಟ ಹೇಳುತ್ತೇನೆ. ಆರು ಸ್ಪೇಡ್ ಕೂಗಿದ್ದೆ, ಅಂದರೆ ಸ್ಪೇಡ್ ತುರುಪಾಗಿ (ಉಳಿದ ಜಾತಿಗಳನ್ನು ಹೊಡೆಯುವ ಜಾತಿ) ಆರರ ಮೇಲೆ ಇನ್ನಾರು ಗೆಲ್ಲುವ ಪಣ. ಹದಿಮೂರರಲ್ಲಿ ಹನ್ನೆರಡು ಟ್ರಿಕ್ (ನಾಲ್ಕು ಕೈಯಿಂದಲೂ ಒಂದೊಂದು ಎಲೆ ಬೀಳುವ ಸುತ್ತು) ಬೇಕು. ತುರುಪು ನನ್ನಲ್ಲಿ ಐದು, ಡಮ್ಮಿಯಲ್ಲಿ (ತೆರೆದಿಟ್ಟ, ನಾನೇ ಆಡಿಸುವ ಪಾಲುದಾರನ ಕೈ) ನಾಲ್ಕು, ದೊಡ್ಡ ಎಲೆಗಳೆಲ್ಲ ನಮ್ಮವೇ. ಹಾರ್ಟ್ ಎರಡೂ ಕಡೆ ಎರಡೆರಡು, ಕ್ಲಬ್ ಮೂರು ಮೂರು. ಎರಡರಲ್ಲೂ ಎಕ್ಕ, ರಾಜ ನಮ್ಮಲ್ಲಿ. ಮೂರನೆಯ ಕ್ಲಬ್ ಹೋಗುವುದು ಖಚಿತ. ಡೈಮಂಡ್‌ನಲ್ಲಿ ನನಗೆ ಎಕ್ಕ, ಗುಲಾಮ, ನಾಲ್ಕು. ಡಮ್ಮಿಗೆ ರಾಜ, ಹತ್ತು, ಮೂರು, ಎರಡು. ರಾಣಿ ಮಾತ್ರ ಎದುರಾಳಿಗಳಲ್ಲಿ. ಬಲಗಡೆಯವನಲ್ಲಿದೆ ಎಂದುಕೊಂಡು ಡಮ್ಮಿಯಿಂದ ಸಣ್ಣ ಎಲೆ ಆಡಿ ಗುಲಾಮ ಇಟ್ಟೆ. ಎಡಗಡೆಯವನು ರಾಣಿ ಹಾಕಿದ. ಒಂದು ಟ್ರಿಕ್ ಕಡಿಮೆಯಾಯಿತು.

ಅದೇ ಎಲೆಗಳನ್ನು ಮತ್ತೆ ಆಡುವ ಸೌಲಭ್ಯವಿದೆ. ದುಡ್ಡು ಕೊಟ್ಟದ್ದು ಸಾರ್ಥಕವಾಗುವುದು ಅದರಿಂದಲೇ. ಎರಡನೆಯ ಸಲ ಡೈಮಂಡ್ ಮುಟ್ಟಲೇ ಇಲ್ಲ. ಮೊದಲು ತುರುಪು ಖಾಲಿ ಮಾಡಿಸಿದೆ, ಹಾರ್ಟ್ ಎರಡೂ ಮುಗಿಸಿದೆ, ಕ್ಲಬ್ ಎಕ್ಕ, ರಾಜ ಆಡಿದೆ, ಆಮೇಲೆ ಮೂರನೆಯ ಕ್ಲಬ್ ಆಡಿ ನಾನಾಗಿಯೇ ಸೋತೆ. ಗೆದ್ದವನಿಗೆ ಈಗ ಪೇಚು. ಡೈಮಂಡ್ ಆಡಿದರೆ ರಾಣಿ ಸಿಕ್ಕಿಬೀಳುತ್ತದೆ. ಹಾರ್ಟ್ ಅಥವಾ ಕ್ಲಬ್ ಆಡಿದರೆ ಡಮ್ಮಿಯಲ್ಲಿ ತುರುಪು ಹೊಡೆದು ನನ್ನ ಕೈಯ ಗುಲಾಮವನ್ನೇ ಎಸೆಯುತ್ತೇನೆ, ಆಮೇಲೆ ರಾಣಿಯ ಗೊಡವೆಯೇ ಇಲ್ಲ. ರಾಣಿ ಎಲ್ಲಿದೆಯೆಂದು ತಿಳಿದು ಆಡಿದೆ ಎನ್ನಬೇಡಿ. ಅದು ಎಲ್ಲಿದ್ದರೂ ಈ ದಾರಿಯಲ್ಲಿ ಒಂದೇ. ನಾಲ್ಕು ತುರುಪೂ ಒಬ್ಬನ ಕೈಯಲ್ಲೇ ಕೂತಿದ್ದರೆ ಕಷ್ಟ, ಆದರೆ ಅದು ನೂರಕ್ಕೆ ಹತ್ತು ಸಲ. ಇದನ್ನು ಮೊದಲ ಸಲವೇ ಕಾಣಬೇಕಿತ್ತು. ತಪ್ಪು ಆ್ಯಪಿನದಲ್ಲ.

ಆ್ಯಪಿನ ತಪ್ಪು ಬೇರೆ. ಇಂಥ ಯಂತ್ರಗಳು ಕೂಗಿಗೆ ಹೊಂದುವಂತೆ ಕಾಣದ ಕೈಗಳನ್ನು ಮತ್ತೆ ಮತ್ತೆ ಊಹಿಸಿ, ಪ್ರತಿಯೊಂದನ್ನೂ ಎಲ್ಲ ಎಲೆ ತೆರೆದಿಟ್ಟಂತೆ ಲೆಕ್ಕ ಹಾಕಿ, ಸರಾಸರಿಯಲ್ಲಿ ಹೆಚ್ಚು ಗೆಲ್ಲುವುದನ್ನು ಆರಿಸುತ್ತವೆ. ಈ ವಿಧಾನ ಕಡಿಮೆಯದಲ್ಲ. ಮ್ಯಾಥ್ಯೂ ಗಿನ್ಸ್‌ಬರ್ಗ್ ರೂಪಿಸಿದ ಜಿಐಬಿ ಎಂಬ ಬ್ರಿಜ್ ಪ್ರೋಗ್ರಾಂ 1998ರಲ್ಲಿ ಫ್ರಾನ್ಸಿನ ಲೀಲ್‌ನಲ್ಲಿ ಪರಿಣತರ ಎದುರು ಆಡಿ 12ನೇ ಸ್ಥಾನ ಪಡೆಯಿತು. ಆದರೆ ಲೆಕ್ಕದೊಳಗೆ ನನಗೂ ಎಲ್ಲ ಎಲೆ ಕಾಣುತ್ತಿರುತ್ತದೆ! ಹೇಗೂ ರಾಣಿಯನ್ನು ನಾನು ಹಿಡಿಯುವವನೇ ಎಂದುಕೊಂಡು, ಬೇರೆ ಎಲೆ ಇದ್ದಾಗಲೂ ಎದುರಾಳಿ ಕೆಲವೊಮ್ಮೆ ರಾಣಿಯ ಬದಿಯಿಂದಲೇ ಸಣ್ಣ ಎಲೆ ಆಡಿ ನನ್ನ ತಲೆನೋವು ತಪ್ಪಿಸುತ್ತಾನೆ. ಮನುಷ್ಯರಾದರೆ ಕಾದು ಕೂರುತ್ತಾರೆ. ಇದರಿಂದ ನನಗೆ ಸೋಮಾರಿತನ ಅಂಟಿದೆ. ಕಳೆದ ದೀಪಾವಳಿಗೆ ಭಾವನ ಮನೆಯಲ್ಲಿ ಆಡುವಾಗ ತಾನಾಗಿ ರಾಣಿ ಬರುತ್ತದೆಂದು ಕಾದು ಪೂರಾ ಮುಗ್ಗರಿಸಿದೆ.

ಪಾಲುದಾರ ಯಂತ್ರದ ಕೂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂಗನ್ನು ಒತ್ತಿ ಹಿಡಿದರೆ ಅದರ ಅರ್ಥ ತೋರಿಸುತ್ತದೆ, ಅದನ್ನು ಓದದೆ ಆಡಿದರೆ ಜಗಳವಾಡಲೂ ಎದುರಿಗೆ ಜನವಿಲ್ಲ.

ಐದರಲ್ಲಿ ನಾಲ್ಕು ನಕ್ಷತ್ರ. ಈ ವರ್ಷದ ಚಂದಾ ಕಟ್ಟಿದ್ದೇನೆ. ನಾಲ್ಕನೆಯ ಕೈ ಸಿಕ್ಕರೆ ಮುಂದಿನ ವರ್ಷ ಕಟ್ಟುವುದಿಲ್ಲ.