ಮೂರು ವರ್ಷ ದುಡ್ಡು ಕೊಟ್ಟು ಓದಿದ ಟ್ರಸ್ಟ್ ಸುದ್ದಿಪತ್ರ: ಕ್ಯಾಲೆಂಡರಿಗೆ ಮನಸೋತೆ, ಅರ್ಧ ಸಾಲಿನಿಂದ ಕೆಟ್ಟೆ

ಇದರ ಹೆಸರು ಬರೆಯುವುದಿಲ್ಲ. ಟ್ರಸ್ಟು, ಸಂಘ-ಸಂಸ್ಥೆಗಳಿಗೆ ಅಂತಲೇ ಕಾನೂನಿನ ಸುದ್ದಿ, ಅನುದಾನದ ಸುದ್ದಿ, ಫಾರಂಗಳ ತಾರೀಖು ಎಲ್ಲ ಇಮೇಲ್‌ನಲ್ಲಿ ಕಳಿಸುವ ಒಂದು ಚಂದಾ ಸೇವೆ, ಅಷ್ಟು ಸಾಕು. ಯಾವ ಪ್ಲಾನ್‌ನಲ್ಲಿ ಏನು ಸಿಗುತ್ತೆ ಅನ್ನುವುದನ್ನು ಇಂಥವರು ಬೇಕಾದಷ್ಟು ಬಣ್ಣಿಸಿರುತ್ತಾರೆ. ನಾನು ಹೇಳುವುದು ಅದನ್ನಲ್ಲ.

ನಮ್ಮದು ತಿಪಟೂರಿನ ಪುಟ್ಟ ಟ್ರಸ್ಟ್. ಸಂಜೆ ಐದರಿಂದ ಏಳೂವರೆವರೆಗೆ ಮಕ್ಕಳ ಲೈಬ್ರರಿ ನಡೆಸುತ್ತೇವೆ. ಜಾಗ ನಮ್ಮ ಟ್ರಸ್ಟಿಯೊಬ್ಬರ ಅಂಗಡಿ ಮಹಡಿ, ಬಾಡಿಗೆ ಇಲ್ಲ. ವರ್ಷದ ಖರ್ಚು 70,000 ರೂಪಾಯಿ ದಾಟುವುದಿಲ್ಲ. ನಾನು ಖಜಾಂಚಿ. ಖಜಾಂಚಿ ಅಂದರೆ ಕಸ ಗುಡಿಸುವುದೂ ಸೇರಿ. 2022ರ ಆಗಸ್ಟ್‌ನಲ್ಲಿ ಚಂದಾ ಕಟ್ಟಿದೆ. ವರ್ಷಕ್ಕೆ 3,000, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 3,540. ಟ್ರಸ್ಟಿನ ದುಡ್ಡಿನಿಂದ ಕಟ್ಟಲು ಕೈ ಬರಲಿಲ್ಲ. ಅಷ್ಟಕ್ಕೆ ಎಷ್ಟು ಕಥೆಪುಸ್ತಕ ಬರುತ್ತೆ ಅಂತ ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತೆ. ನನ್ನ ಸಂಬಳದಲ್ಲೇ ಕೊಟ್ಟೆ.

ಮಂಗಳವಾರ ಬೆಳಗ್ಗೆ ಮೇಲ್ ಬರುತ್ತಿತ್ತು. ಆರು ಗಂಟೆಗೆ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಫೋನನ್ನು ರವೆ ಡಬ್ಬಿಗೆ ಒರಗಿಸಿ ಇಡುತ್ತಿದ್ದೆ. ಪಕ್ಕದಲ್ಲಿ ಉದ್ದ ನೋಟ್‌ಬುಕ್ಕು. ಇಂಗ್ಲಿಷ್‌ನಲ್ಲಿ ಇದ್ದದ್ದನ್ನು ಓದಿ, ನಮಗೆ ಬೇಕಾದಷ್ಟನ್ನು ಕನ್ನಡದಲ್ಲಿ ಬರೆದುಕೊಂಡು, ಕಾಫಿ ಮುಗಿದ ಮೇಲೆ ಟ್ರಸ್ಟಿನ ವಾಟ್ಸಾಪ್ ಗ್ರೂಪಿಗೆ ಐದು ನಿಮಿಷದ ವಾಯ್ಸ್ ಮೆಸೇಜ್ ಹಾಕುತ್ತಿದ್ದೆ. ನಮ್ಮ ಅಧ್ಯಕ್ಷರು ರಿಟೈರ್ಡ್ ಮೇಷ್ಟ್ರು. ‘ಸ್ವಲ್ಪ ನಿಧಾನ ಹೇಳಮ್ಮ, ಬರಕೋಬೇಕು’ ಅನ್ನುತ್ತಿದ್ದರು. ಅವರಿಂದ ಅದು ಪಕ್ಕದ ಬೀದಿಯ ಭಜನಾ ಮಂಡಳಿಗೆ ಹೋಯಿತು. ಅಲ್ಲಿಂದ ಒಂದು ಗೋಶಾಲೆಗೆ, ಆಮೇಲೆ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಂಘಕ್ಕೆ. ‘ಮಂಗಳವಾರದ ರೇಡಿಯೋ’ ಅಂತ ಹೆಸರಿಟ್ಟರು. ಒಂದು ವಾರ ಜ್ವರ ಬಂದು ಹಾಕಲಿಲ್ಲ. ನಾಲ್ಕು ಜನ ಫೋನ್ ಮಾಡಿದರು, ಜ್ವರ ಹೇಗಿದೆ ಅಂತ ಕೇಳಿದವರು ಒಬ್ಬರೇ.

ಮೊದಲ ವರ್ಷ ಕೊಟ್ಟ ದುಡ್ಡಿಗೆ ಮೋಸ ಆಗಲಿಲ್ಲ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ 80ಜಿ ರಿಯಾಯಿತಿ ಕೊಡಿಸುವ ಟ್ರಸ್ಟ್ ಅಂದರೆ ಮೊದಲು ರಸೀದಿ ಹರಿದು ಕೊಟ್ಟರೆ ಆಗುತ್ತಿತ್ತು. ಅಷ್ಟರಲ್ಲಿ ಅದು ಬದಲಾಗಿತ್ತು. ವರ್ಷದ ದಾನಿಗಳ ಪಟ್ಟಿಯನ್ನು 10ಬಿಡಿ ಫಾರಂನಲ್ಲಿ ಮೇ 31ರೊಳಗೆ ಆದಾಯ ತೆರಿಗೆ ಪೋರ್ಟಲ್‌ಗೆ ಹಾಕಬೇಕಿತ್ತು. ಅಲ್ಲಿಂದ ಇಳಿಸಿಕೊಂಡ 10ಬಿಇ ಅನ್ನುವ ದಾನದ ಸರ್ಟಿಫಿಕೇಟನ್ನು ಅದೇ ತಾರೀಖಿನೊಳಗೆ ದಾನಿಗಳಿಗೆ ಕೊಡಬೇಕಿತ್ತು. ಪಟ್ಟಿ ಹಾಕುವುದು ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ನಮ್ಮ ಲೈಬ್ರರಿಯ ದಿನದ ಖರ್ಚೇ ಅಷ್ಟಾಗುವುದಿಲ್ಲ! ಇದು ನನಗೆ ಗೊತ್ತಾದದ್ದೇ ಈ ಸುದ್ದಿಪತ್ರದಿಂದ.

ಆ ಏಪ್ರಿಲ್‌ನಲ್ಲಿ ಪಾನ್ ನಂಬರ್ ಕೇಳಿಕೊಂಡು ಕೊಬ್ಬರಿ ಮಂಡಿ ಸುತ್ತಿದೆ. ‘ಏನಮ್ಮಾ, ಸಾವಿರ ರೂಪಾಯಿ ಕೊಟ್ಟವನ ಜಾತಕಾನೂ ಬೇಕಾ?’ ಅಂದರು ಒಬ್ಬ ಮಂಡಿ ಯಜಮಾನರು. ಇನ್ನೊಬ್ಬರು 5,000 ನಗದು ಕೊಟ್ಟಿದ್ದರು. 2,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ 80ಜಿ ಸಿಗುವುದಿಲ್ಲ ಅಂದಾಗ ಅವರು ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ದುಡ್ಡು ವಾಪಸ್ ಕೇಳಲಿಲ್ಲ, ಪುಣ್ಯ. ಆದರೆ ಮುಂದಿನ ವರ್ಷದಿಂದ ಚೆಕ್ಕೇ ಕೊಡುತ್ತಿದ್ದಾರೆ.

ಇನ್ನು ಕ್ಯಾಲೆಂಡರು. ವರ್ಷಕ್ಕೊಮ್ಮೆ ಒಂದೇ ಪುಟದ ಪಿಡಿಎಫ್ ಬರುತ್ತಿತ್ತು. ಯಾವ ತಿಂಗಳು ಯಾವ ಫಾರಂ, ಅಷ್ಟೇ. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ಪ್ರಿಂಟ್ ಹಾಕಿಸಿ, ಮೇಲೆ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲಿ ಬರೆದು, ಲೈಬ್ರರಿ ಬೀಗದ ಕೈ ತೂಗುಹಾಕುವ ಮೊಳೆಗೇ ಸಿಕ್ಕಿಸಿದೆ. ಬೀಗ ತೆಗೆಯುವಾಗ, ಹಾಕುವಾಗ ಕಣ್ಣಿಗೆ ಬೀಳಲೇಬೇಕು. ಮೇ 31ರ ಸುತ್ತ ದಪ್ಪಗೆ ಸೊನ್ನೆ ಸುತ್ತಿದ್ದೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ‘ಅವತ್ತು ಯಾರ ಬರ್ತ್‌ಡೇ ಮಿಸ್?’ ಅಂತ ಕೇಳಿದಳು. ನಾನು ಸುಮ್ನೆ ‘ನಂದೇ’ ಅಂದೆ. ಮಾರನೇ ದಿನ ನೋಡಿದರೆ ಪಕ್ಕದಲ್ಲಿ ಕೇಕಿನ ಚಿತ್ರ, ಮೇಲೆ ಮೂರು ಮೇಣದಬತ್ತಿ.

ಕೆಟ್ಟದ್ದು ಈ ಕ್ಯಾಲೆಂಡರಿನಿಂದಲೇ.

ಹೊಸ ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯಿಂದ ಮೊದಲು ಸಿಗುತ್ತಿದ್ದದ್ದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ನಮ್ಮದು 2025ರ ಮಾರ್ಚ್ 31ಕ್ಕೆ ಮುಗಿಯುವುದಿತ್ತು. ಅದರ ಬದಲು ಪೂರ್ಣ ನೋಂದಣಿ ಮಾಡಿಸಲು 10ಎಬಿ ಫಾರಂ ಹಾಕಬೇಕಿತ್ತು. ಕ್ಯಾಲೆಂಡರಿನಲ್ಲಿ ‘ನೋಂದಣಿ ಮುಗಿಯುವ ಆರು ತಿಂಗಳ ಮುಂಚೆ’ ಅಂತ ಇತ್ತು. ಸರಿ, 2024ರ ಸೆಪ್ಟೆಂಬರ್ ಒಳಗೆ ಅಂತ ಬರೆದುಕೊಂಡು ನೆಮ್ಮದಿಯಾಗಿದ್ದೆ. ನಿಯಮ ಇದ್ದದ್ದು ಹೀಗೆ: ಮುಗಿಯುವ ಕನಿಷ್ಠ ಆರು ತಿಂಗಳ ಮುಂಚೆ, ಇಲ್ಲವೇ ಕೆಲಸ ಶುರು ಮಾಡಿದ ಆರು ತಿಂಗಳೊಳಗೆ, ಎರಡರಲ್ಲಿ ಯಾವುದು ಮೊದಲೋ ಅದು. ನಮ್ಮ ಲೈಬ್ರರಿ ಶುರುವಾಗಿ ಎರಡು ವರ್ಷವೇ ಆಗಿತ್ತು! ನಮ್ಮ ಗಡುವು ಎಂದೋ ದಾಟಿಹೋಗಿತ್ತು. ಇದನ್ನು ಹೇಳಿದ್ದು ಆಡಿಟರ್ ಆಫೀಸಿನ ಹುಡುಗ, ಬೇರೇನೋ ಕೆಲಸಕ್ಕೆ ಹೋದಾಗ, ಬಾಗಿಲಲ್ಲಿ ನಿಂತು. ಆ ರಾತ್ರಿ ನಿದ್ದೆ ಇಲ್ಲ. ನನ್ನ ತಪ್ಪಾದರೆ ನಾನು ಅನುಭವಿಸುತ್ತೇನೆ. ಆದರೆ ಮಂಗಳವಾರದ ರೇಡಿಯೋದಲ್ಲಿ ಇದೇ ಅರ್ಧ ಸಾಲನ್ನು ಗೋಶಾಲೆಯವರಿಗೂ ಹೇಳಿದ್ದೆನಲ್ಲ!

ಅದೃಷ್ಟಕ್ಕೆ ಅದೇ ಸಮಯಕ್ಕೆ, 2024ರ ಏಪ್ರಿಲ್ 25ಕ್ಕೆ, ನೇರ ತೆರಿಗೆ ಮಂಡಳಿ ನೋಂದಣಿಯ 10ಎ ಮತ್ತು 10ಎಬಿ ಫಾರಂಗಳ ಗಡುವನ್ನು ಜೂನ್ 30ರವರೆಗೆ ಮುಂದೂಡಿತು. ಸುದ್ದಿಪತ್ರದಲ್ಲೂ ಬಂತು. ‘ಟ್ರಸ್ಟುಗಳಿಗೆ ದೊಡ್ಡ ನಿರಾಳ’ ಅಂತ ತಲೆಬರಹ, ಕೆಳಗೆ ಎರಡು ಸಾಲು. ಆಮೇಲೆ ಬೀಗದ ಚಿತ್ರ. ಪೂರ್ತಿ ಓದಲು ಪ್ಲಾಟಿನಂ ಪ್ಲಾನ್ ತೆಗೆದುಕೊಳ್ಳಬೇಕಂತೆ! ಸಿಟ್ಟಿನಲ್ಲಿ ಹುಡುಕಿದರೆ ಆ ಸರ್ಕ್ಯುಲರ್, ನಂಬರ್ 7, ಇಲಾಖೆಯ ಸೈಟಿನಲ್ಲೇ ಪುಕ್ಕಟೆ ಇದೆ. ಕೆಲವೇ ಪುಟ. ಎರಡು ಲೋಟ ಕಾಫಿಯಲ್ಲಿ ಓದಿ ಮುಗಿಸಿದೆ. ಇಷ್ಟು ದಿನ ಯಾಕೆ ಮೂಲವನ್ನೇ ಓದಲಿಲ್ಲ ಅಂತ ನನ್ನ ಮೇಲೂ ಸಿಟ್ಟು ಬಂತು. ಜೂನ್ 11ಕ್ಕೆ ಅರ್ಜಿ ಹಾಕಿದೆವು. ಗೋಶಾಲೆಯವರದ್ದು 27ಕ್ಕೆ ಹೋಯಿತು.

ಅವತ್ತಿನಿಂದ ಆ ಮೇಲ್‌ಗಳಲ್ಲಿ ಬರೀ ಹುಳುಕೇ ಕಾಣತೊಡಗಿತು. ಹತ್ತು ಸುದ್ದಿಯಲ್ಲಿ ಏಳು ನಮ್ಮಂಥವರಿಗೆ ಸಂಬಂಧವೇ ಇಲ್ಲ. ವಿದೇಶಿ ದೇಣಿಗೆಯ ಎಫ್‌ಸಿಆರ್‌ಎ ನಮಗೆ ಬೇಡ. 10ಬಿ, 10ಬಿಬಿ ಆಡಿಟ್ ರಿಪೋರ್ಟಿನ ವ್ಯತ್ಯಾಸದ ಬಗ್ಗೆ ವಾರಗಟ್ಟಲೆ ಬರೆದರು. ಆದಾಯ ತೆರಿಗೆಯ ಮಿತಿಯೊಳಗೇ ಇರುವ ಸಣ್ಣ ಟ್ರಸ್ಟಿಗೆ ಆ ಆಡಿಟ್ಟೇ ಬೇಕಿಲ್ಲ ಅನ್ನುವ ಒಂದು ಸಾಲು ಮಾತ್ರ ಇಲ್ಲ. ಅನುದಾನದ ಸುದ್ದಿ ಅಂತೂ ಕೇಳಬೇಡಿ. ಮೂರು ವರ್ಷದ ಆಡಿಟ್ ಲೆಕ್ಕ, 50 ಲಕ್ಷದ ವಹಿವಾಟು ಇದ್ದವರು ಅರ್ಜಿ ಹಾಕಿ ಅನ್ನುತ್ತೆ. ಅಷ್ಟಿದ್ದರೆ ನಾನೇ ಯಾರಿಗಾದರೂ ಅನುದಾನ ಕೊಡುತ್ತಿದ್ದೆ, ಅಲ್ವಾ?

ಬಿಟ್ಟುಬಿಡಬೇಕು ಅಂತಲೇ ಅವರಿಗೆ ಉದ್ದ ಪತ್ರ ಬರೆದೆ. ಉತ್ತರ ಬರುವುದಿಲ್ಲ ಅಂದುಕೊಂಡಿದ್ದೆ. ಜುಲೈನಲ್ಲಿ ಒಂದು ಸಂಜೆ ಫೋನ್ ಬಂತು. ಧಾರವಾಡದ ಕಡೆಯ ಹುಡುಗಿ. ‘ಮೇಡಂ, ನೀವು ಬರ್ದಿದ್ದು ಖರೇ ಐತ್ರಿ’ ಅಂತಲೇ ಶುರು ಮಾಡಿದಳು. ಮಕ್ಕಳ ಗಲಾಟೆಯ ನಡುವೆ ನಲವತ್ತು ನಿಮಿಷ ಮಾತಾಡಿದಳು. ನಮ್ಮ ಅರ್ಜಿಗೆ ಇಲಾಖೆಯಿಂದ ಪ್ರಶ್ನೆ ಬಂದರೆ ಯಾವ ಕಾಗದ ರೆಡಿ ಇಟ್ಟುಕೊಳ್ಳಬೇಕು ಅಂತ ಒಂದೊಂದಾಗಿ ಬರೆಸಿದಳು: ಟ್ರಸ್ಟ್ ಡೀಡು, ಲೆಕ್ಕ, ನಡೆಸಿದ ಕಾರ್ಯಕ್ರಮದ ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟು. ನೋಟಿಸ್ ಬಂದಾಗ ಎಲ್ಲ ಕೈಯಲ್ಲೇ ಇತ್ತು. ಡಿಸೆಂಬರ್‌ನಲ್ಲಿ ಐದು ವರ್ಷದ ನೋಂದಣಿ ಸಿಕ್ಕಿತು. (ಎರಡು ತಿಂಗಳಾದ ಮೇಲೆ ಬಜೆಟ್‌ನಲ್ಲಿ ಸಣ್ಣ ಟ್ರಸ್ಟುಗಳಿಗೆ ಹತ್ತು ವರ್ಷ ಅಂದರು. ಸಣ್ಣದು ಅಂದರೆ ವರ್ಷದ ಆದಾಯ ಐದು ಕೋಟಿವರೆಗೆ. ನಕ್ಕು ನಕ್ಕು ಸುಸ್ತಾದೆ.) ಮುಂದಿನ ಕ್ಯಾಲೆಂಡರಿನಲ್ಲಿ ಆ ಅರ್ಧ ಸಾಲು ಪೂರ್ತಿಯಾಗಿತ್ತು. ಆ ಫೋನಿಗಾಗಿಯೇ ಮೂರನೇ ವರ್ಷಕ್ಕೂ ದುಡ್ಡು ಕಟ್ಟಿದ್ದೆ.

2025ರ ಬೇಸಿಗೆಯಲ್ಲಿ ಆ ನಂಬರಿಗೆ ಫೋನ್ ಮಾಡಿದರೆ ಅವಳು ಕೆಲಸ ಬಿಟ್ಟಿದ್ದಳು. ಬೇರೆ ಯಾರೋ ಎತ್ತಿ, ಪ್ಲಾಟಿನಂ ಬಗ್ಗೆ ಹೇಳಲು ಶುರು ಮಾಡಿದರು. ಆಗಸ್ಟ್‌ಗೆ ಚಂದಾ ಮುಗಿಯಿತು, ಮತ್ತೆ ಕಟ್ಟಲಿಲ್ಲ. ‘40% ರಿಯಾಯಿತಿ, ಇವತ್ತೇ ಕೊನೆಯ ದಿನ’ ಅಂತ ಈವರೆಗೆ ಆರು ಸಲ ಮೇಲ್ ಬಂದಿದೆ. ಗಡುವು ಮುಂದೂಡುವುದನ್ನು ಮಾತ್ರ ಸರ್ಕಾರದಿಂದ ಚೆನ್ನಾಗಿ ಕಲಿತಿದ್ದಾರೆ.

ಈಗ ಮಂಗಳವಾರ ಇಲಾಖೆಯ ಸೈಟನ್ನೇ ನೋಡುತ್ತೇನೆ. ನಿಧಾನ, ಆದರೆ ಬೀಗದ ಚಿತ್ರ ಇಲ್ಲ. ಸಂಘ-ಸಂಸ್ಥೆಗಳ ಸುದ್ದಿಗೆ ಇಂಡಿಯಾ ಡೆವಲಪ್‌ಮೆಂಟ್ ರಿವ್ಯೂ ಅನ್ನುವ ವೆಬ್ ಪತ್ರಿಕೆ ಓದುತ್ತೇನೆ, ಅದೂ ಪುಕ್ಕಟೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಸೈಟಿನಿಂದ ಕನ್ನಡ ಕಥೆ ಇಳಿಸಿ ಪ್ರಿಂಟ್ ಹಾಕಿಸುತ್ತೇನೆ. ಓಪನ್ ಲೈಸೆನ್ಸ್ ಇರುವುದರಿಂದ ಯಾರ ಅನುಮತಿಯೂ ಬೇಡ. ಉಳಿದ 3,540 ಈ ವರ್ಷ ಆ ಪ್ರಿಂಟಿಗೇ ಹೋಯಿತು.

ಹಾಗಂತ ಪೂರ್ತಿ ಧೈರ್ಯ ಇಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ. ಕಷ್ಟಪಟ್ಟು ಬಾಯಿಪಾಠ ಮಾಡಿದ ಸೆಕ್ಷನ್ ನಂಬರುಗಳೆಲ್ಲ ಬದಲು. ಮೇಷ್ಟ್ರು ಆಗಲೇ ಎರಡು ಸಲ ಕೇಳಿದ್ದಾರೆ, ‘ಅದನ್ನ ಯಾರಮ್ಮ ಹೇಳ್ತಾರೆ?’ ಅಂತ. ನಿಮ್ಮ ಟ್ರಸ್ಟಿಗೆ ಸಂಬಳದ ಅಕೌಂಟೆಂಟ್ ಇದ್ದು, ಕಂಪನಿಗಳು ಸಮಾಜಕ್ಕೆ ಅಂತ ಕೊಡುವ ಸಿಎಸ್ಆರ್ ದುಡ್ಡು ಬರುತ್ತಿದ್ದರೆ ಈ ಸೇವೆ ತೆಗೆದುಕೊಳ್ಳಿ, ಉಪಯೋಗವಿದೆ. ನಮ್ಮ ಹಾಗೆ ಖಜಾಂಚಿಯೇ ಕಸ ಗುಡಿಸುವ ಟ್ರಸ್ಟ್ ಆದರೆ ಒಂದು ವರ್ಷ ತೆಗೆದುಕೊಂಡು, ಯಾವ ಫಾರಂ ಯಾವಾಗ ಹಾಕಬೇಕು ಅಂತ ಕಲಿತು, ಬಿಟ್ಟುಬಿಡಿ.

ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಒಂದು ಧಾರವಾಡದ ಹುಡುಗಿಗೆ. ಈ ಸಲದ ಕ್ಯಾಲೆಂಡರ್ ನಾನೇ ಗೆರೆ ಎಳೆದು ಮಾಡಿದ್ದು. ಮೊಳೆಗೆ ಸಿಕ್ಕಿಸಿದ ದಿನವೇ ಆ ಕೇಕಿನ ಹುಡುಗಿ, ಈಗ ಆರನೇ ಕ್ಲಾಸು, ಬಂದು ಮೇ 31ರ ಪಕ್ಕ ಕೇಕ್ ಬರೆದಳು. ‘ನಿಮ್ದಲ್ಲ ಅಂತ ಗೊತ್ತು ಮಿಸ್, ಆದ್ರೂ ಇರ್ಲಿ’ ಅಂದಳು.