ಹಳೇ ಮಿಯಾಟಾಗೆ ಲೋವರಿಂಗ್ ಸ್ಪ್ರಿಂಗ್ ಹಾಕಿಸುವ ಮುಂಚೆ ಇದನ್ನು ಓದಿ

ಹಳೇ ಸ್ಪೋರ್ಟ್ಸ್ ಕಾರು ಇಟ್ಟುಕೊಂಡು, ಅದನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸುವ ಯೋಚನೆಯಲ್ಲಿರುವ ಎಲ್ಲರಿಗೂ ಒಂದು ಮಾತು. "ಶಾಕ್ಸ್ (ಶಾಕ್ ಅಬ್ಸಾರ್ಬರ್‌ಗಳು) ಚೆನ್ನಾಗಿವೆ, ಸ್ಪ್ರಿಂಗ್ ಮಾತ್ರ ಬದಲಾಯಿಸಿದರೆ ಸಾಕು" ಅಂತ ಯಾರಾದರೂ ಹೇಳಿದರೆ ಕೀ ತಗೊಂಡು ಅಲ್ಲಿಂದ ಹೊರಟುಬಿಡಿ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಗ್ಯಾರೇಜಿನವರು ನನಗೆ ಹೀಗೇ ಹೇಳಿ ಕೆಲಸ ಮಾಡಿಕೊಟ್ಟರು. ದುಡ್ಡು ಹೋಗಿದ್ದು ಇರಲಿ. ಘಾಟಿ ತಿರುವಿನ ನಡುವೆ ಕಾರಿನ ಹಿಂಭಾಗ ಜಾರಿ, ಮೂತಿ ಬೆಟ್ಟದ ಗೋಡೆಯ ಕಡೆ ತಿರುಗಿತು. ಪಕ್ಕದಲ್ಲಿ ಮಗಳು ಕೂತಿದ್ದಳು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಾರು ಮಾಜ್ದಾ ಮಿಯಾಟಾ, ಮೊದಲ ತಲೆಮಾರಿನದು. ಹೆಡ್‌ಲೈಟ್ ಮೇಲೆದ್ದು ಬರುತ್ತವಲ್ಲ, ಅದೇ. 1989ರ ಶಿಕಾಗೊ ಆಟೋ ಶೋದಲ್ಲಿ ಮೊದಲು ತೋರಿಸಿದರು, 1997ರ ತನಕ ತಯಾರಾಯಿತು. ತೂಕ ಹೆಚ್ಚುಕಡಿಮೆ ಒಂದು ಟನ್. ಶುರುವಿನ 1.6 ಲೀಟರ್ ಇಂಜಿನ್‌ಗೆ ಅಮೆರಿಕದಲ್ಲಿ 116 ಹಾರ್ಸ್‌ಪವರ್, ಅಷ್ಟೇ. ಈ ಕಾರಿನ ಮಜಾ ಇಂಜಿನ್ನಿನದಲ್ಲ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ (ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿಯುವ ಜೋಡಣೆ), ಮುಂದೆ ಹಿಂದೆ ಸರಿಸಮ ಹಂಚಿದ ಭಾರ, ಮಜಾ ಇರುವುದು ಅಲ್ಲಿ. ಸಸ್ಪೆನ್ಷನ್ ಕೆಡಿಸಿದರೆ ಇದರಲ್ಲಿ ಉಳಿಯುವುದು ಏನೂ ಇಲ್ಲ.

ನನ್ನ ಕಾರು ಸ್ವಲ್ಪ ತೇಲುತ್ತಿತ್ತು. ರಸ್ತೆಯಲ್ಲಿ ಉಬ್ಬು ಸಿಕ್ಕರೆ ಮೂತಿ ಎರಡೆರಡು ಸಲ ಏಳುತ್ತಿತ್ತು. ಗ್ಯಾರೇಜಿನವರು ಎರಡು ಇಂಚು ತಗ್ಗಿಸುವ ಗಟ್ಟಿ ಸ್ಪ್ರಿಂಗ್ ಹಾಕೋಣ ಅಂದರು. ಶಾಕ್ಸ್ ಕಥೆ ಏನು ಅಂತ ಕೇಳಿದೆ. ಒಬ್ಬ ಬಂದು ಫೆಂಡರ್ ಮೇಲೆ ಕೈಯೂರಿ ಒತ್ತಿ ಬಿಟ್ಟ. ಒಂದು ಸಲ ಎದ್ದು ನಿಂತಿತು. "ನೋಡಿ, ಚೆನ್ನಾಗೇ ಇವೆ."

ಈ ಪರೀಕ್ಷೆಯನ್ನು ನಂಬಬೇಡಿ. ಕೈಯಲ್ಲಿ ಒತ್ತಿದಾಗ ಶಾಕ್‌ನ ರಾಡ್ ನಿಧಾನವಾಗಿ ಚಲಿಸುತ್ತದೆ. ಓಡುವ ಕಾರಿನಲ್ಲಿ ಉಬ್ಬು ತಗ್ಗು ಬಂದಾಗ ಅದು ಎಷ್ಟೋ ಪಟ್ಟು ವೇಗವಾಗಿ ಹೋಗಿ ಬರಬೇಕು. ಪೂರ್ತಿ ಸತ್ತ ಶಾಕ್ ಮಾತ್ರ ಇದರಲ್ಲಿ ಸಿಕ್ಕಿಬೀಳುತ್ತದೆ, ಅರ್ಧ ಸತ್ತದ್ದು ಪಾಸಾಗಿಬಿಡುತ್ತದೆ. ಆಮೇಲೆ ಬೇರೆ ಮೆಕ್ಯಾನಿಕ್ ಒಬ್ಬರು ಹಿಂದಿನ ಬಲಗಡೆ ಶಾಕ್‌ನ ರಬ್ಬರ್ ಬೂಟನ್ನು (ರಾಡ್ ಮುಚ್ಚುವ ಹೊದಿಕೆ) ಸ್ಪ್ರಿಂಗ್ ಸುತ್ತುಗಳ ಸಂದಿಯಿಂದ ಮೇಲೆ ಸರಿಸಿ ಟಾರ್ಚ್ ಹಿಡಿದರು. ರಾಡ್ ಸುತ್ತ ಎಣ್ಣೆ ಇಳಿದು, ಅದಕ್ಕೆ ಧೂಳು ಅಂಟಿ, ಕಪ್ಪು ಅಂಟಿನ ಥರ ಕೂತಿತ್ತು. ಒಳಗಿನ ಬಂಪ್ ಸ್ಟಾಪ್, ಅಂದರೆ ಶಾಕ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ಮೆತ್ತೆ, ಬೆರಳಲ್ಲಿ ಹಿಡಿದರೆ ಹಳೇ ರಸ್ಕಿನ ಹಾಗೆ ಪುಡಿಪುಡಿಯಾಯಿತು. ಅರ್ಧ ನಿಮಿಷದ ಕೆಲಸ. ಸ್ಪ್ರಿಂಗ್ ಹಾಕಲು ಇಡೀ ಶಾಕನ್ನೇ ಬಿಚ್ಚಿದವರಿಗೆ ಅದು ಕಾಣಲಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಈಗ ತಿರುವಿನಲ್ಲಿ ಆಗಿದ್ದೇನು ಅಂತ ಹೇಳುತ್ತೇನೆ. ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಶಾಕ್ ಆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದು ಜೋರಾಗಿ ವಾಪಸ್ ಚಿಮ್ಮುತ್ತದೆ. ಎರಡು ಪಟ್ಟು ಗಟ್ಟಿ ಸ್ಪ್ರಿಂಗ್ ಹಾಕಿದರೆ, ಮೊದಲಿನಷ್ಟೇ ಹಿಡಿತ ಇರಲು ಶಾಕ್‌ನ ತಡೆ ಮೊದಲಿನ ಸುಮಾರು 1.4 ಪಟ್ಟು ಇರಬೇಕು. ನನ್ನ ಶಾಕ್‌ಗಳಲ್ಲಿ ಮೊದಲಿನ ಶಕ್ತಿಯೇ ಉಳಿದಿರಲಿಲ್ಲ. ಹಾಗಾಗಿ ತೇಲಾಟ ಹೋಗಲಿಲ್ಲ. ಹಿತವಾಗಿದ್ದ ತೇಲಾಟ ಕುಟ್ಟುವ ತೇಲಾಟ ಆಯಿತು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಕಾರು ಎರಡು ಇಂಚು ತಗ್ಗಿದರೆ ಶಾಕ್ ಗಿಡ್ಡ ಆಗುವುದಿಲ್ಲ. ಅದು ಮೇಲಕ್ಕೆ ಹೋಗಲು ಇದ್ದ ಜಾಗ ಮಾತ್ರ ಕಮ್ಮಿ ಆಗುತ್ತದೆ. ಮಿಯಾಟಾದಲ್ಲಿ ಆ ಜಾಗ ಮೊದಲೇ ಕಮ್ಮಿ. ಅದೂ ಮುಗಿದರೆ ಕಾರು ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಸ್ಪ್ರಿಂಗ್ ಹದವಾಗಿ ಮಣಿಯುತ್ತಿದ್ದದ್ದು ಒಮ್ಮೆಗೇ ಕಲ್ಲಿನಂತಾಗುತ್ತದೆ. ತಿರುವಿನಲ್ಲಿ ಹಿಂಭಾಗ ಹೀಗೆ ಕೂತರೆ ಹೊರಗಡೆಯ ಹಿಂದಿನ ಟೈರ್ ಮೇಲೆ ಭಾರ ಗಪ್ಪಂತ ಬೀಳುತ್ತದೆ, ಹಿಡಿತ ತಪ್ಪುತ್ತದೆ, ಹಿಂಭಾಗ ಹೊರಗೆ ಜಾರುತ್ತದೆ. ಲಾ ಹೋಂಡಾ ಕಡೆಯ ಹೈವೇ 84ರಲ್ಲಿ ಎಡ ತಿರುವಿನ ನಡುವೆ ಒಂದು ತಗ್ಗು ಬಂದಾಗ ನನಗೆ ಆಗಿದ್ದು ಇದೇ. ಹಿಂದಿನಿಂದ ದಢ್ ಅಂತ ಸದ್ದು, ಮರುಕ್ಷಣ ಕಾರು ಅಡ್ಡ. ವೇಗ ಏನೂ ಜಾಸ್ತಿ ಇರಲಿಲ್ಲ. ಸ್ಟೇರಿಂಗ್ ಎದುರು ತಿರುಗಿಸಿ ಹಿಡಿದೆ. ಎದುರಿಂದ ಯಾರೂ ಬರಲಿಲ್ಲ, ಅದು ನಮ್ಮ ಪುಣ್ಯ.

ಗ್ಯಾರೇಜಿಗೆ ಹೋಗಿ ಹೇಳಿದರೆ, "ಸ್ಟಿಫ್ ಕಾರು ಹಾಗೇ ಇರುತ್ತದೆ, ಅಭ್ಯಾಸ ಆಗುತ್ತದೆ" ಅಂದರು. ಬೇಡವಾದರೆ ಅಗ್ಗದ ಕಾಯಿಲೋವರ್ ಸೆಟ್ (ಸ್ಪ್ರಿಂಗ್, ಶಾಕ್ ಎರಡೂ ಒಟ್ಟಿಗೇ ಬರುವುದು) ಇದೆ, ಇನ್ನೂ ಗಟ್ಟಿ, ಅದನ್ನು ಹಾಕೋಣ ಅಂದರು. ಅದರ ಶಾಕ್‌ನ ತಡೆ ಎಷ್ಟು ಅಂತ ಒಂದು ಗ್ರಾಫ್ ತೋರಿಸಿ ಅಂದೆ, ಇರಲಿಲ್ಲ. ದುಡ್ಡು ವಾಪಸ್ ಕೊಡಲಿಲ್ಲ.

ಅವರು ಮಾಡಿದ ಇನ್ನೆರಡು ಕೆಲಸ ಆಮೇಲೆ ಗೊತ್ತಾಯಿತು. ಚಕ್ರ ಹಿಡಿಯುವ ತೋಳುಗಳ, ಅಂದರೆ ಕಂಟ್ರೋಲ್ ಆರ್ಮ್‌ಗಳ ಬೋಲ್ಟನ್ನು ಕಾರು ಲಿಫ್ಟ್ ಮೇಲಿದ್ದಾಗಲೇ, ಚಕ್ರಗಳು ಜೋತುಬಿದ್ದಿದ್ದಾಗಲೇ ಬಿಗಿ ಮಾಡಿದ್ದರು. ಅಲ್ಲಿನ ರಬ್ಬರ್ ಬುಷ್ ಯಾವ ಸ್ಥಿತಿಯಲ್ಲಿ ಬಿಗಿಯಾಗುತ್ತದೋ ಅದೇ ಅದಕ್ಕೆ ಆರಾಮದ ಸ್ಥಿತಿ. ಕಾರು ನೆಲಕ್ಕಿಳಿದ ಮೇಲೆ ಅದು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಅಂತೂ ಮಾಡಿಸಿರಲೇ ಇಲ್ಲ. ಎತ್ತರ ಬದಲಾದರೆ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲುವ ಕೋನ), ಟೋ (ಮುಂದಕ್ಕೆ ನೇರವಾಗಿರದೆ ಒಳಗೋ ಹೊರಗೋ ತಿರುಗಿರುವ ಕೋನ) ಎರಡೂ ಬದಲಾಗುತ್ತವೆ. ಹೊಸ ಟೈರ್‌ಗಳ ಒಳ ಅಂಚು ಸವೆದು ನುಣ್ಣಗಾಗಿತ್ತು, ಹೊರ ಅಂಚು ಹೊಸದರ ಹಾಗೇ ಇತ್ತು. ನಿಂತು ನೋಡಿದರೆ ಒಳ ಅಂಚು ಕಾಣುವುದೇ ಇಲ್ಲ, ಬಗ್ಗಿ ಕೈಯಾಡಿಸಿ ನೋಡಬೇಕು.

ನನ್ನ ಮಾತು ಇಷ್ಟೇ: ಮೊದಲು ಶಾಕ್ ಆರಿಸಿ, ಆಮೇಲೆ ಅದು ಹಿಡಿಯಬಲ್ಲ ಸ್ಪ್ರಿಂಗ್ ಆರಿಸಿ. ಎಲ್ಲರೂ ಉಲ್ಟಾ ಮಾಡುತ್ತಾರೆ, ಯಾಕಂದರೆ ಸ್ಪ್ರಿಂಗ್ ಅಗ್ಗ, ಹಾಕಿದ ತಕ್ಷಣ ಕಾರು ಚೆಂದ ಕಾಣುತ್ತದೆ. ಕೋನಿ ಕಂಪನಿಯವರ ಹಳದಿ ಶಾಕ್‌ನಲ್ಲಿ ರಿಬೌಂಡ್ ಮಾತ್ರ ಹೊಂದಿಸಬಹುದು. ಸ್ಪ್ರಿಂಗ್ ವಾಪಸ್ ಚಿಮ್ಮುವುದನ್ನು ತಡೆಯುವುದು ಅದೇ ಆದ್ದರಿಂದ ಅದು ಒಳ್ಳೆಯ ಆಯ್ಕೆ. ಬಿಲ್‌ಸ್ಟೈನ್ ಕಂಪನಿಯ ಶಾಕ್ ಕೂಡ ನಂಬಬಹುದು. 1994ರಲ್ಲಿ ಬಂದ ಆರ್ ಪ್ಯಾಕೇಜ್ ಮಿಯಾಟಾಗೆ ಮಾಜ್ದಾದವರೇ ಬಿಲ್‌ಸ್ಟೈನ್ ಶಾಕ್ ಹಾಕಿ ಕೊಟ್ಟಿದ್ದರು. ತಗ್ಗಿಸಲೇಬೇಕು ಅಂದರೆ ಒಂದು ಇಂಚಿಗಿಂತ ಜಾಸ್ತಿ ತಗ್ಗಿಸಬೇಡಿ. ಎರಡನೇ ತಲೆಮಾರಿನ ಮಿಯಾಟಾದ ಮೇಲಿನ ಮೌಂಟ್ (ಶಾಕ್‌ನ ತುದಿ ಕಾರಿಗೆ ಕೂರುವ ಭಾಗ) ಹಾಕಿಸಿದರೆ ಶಾಕ್‌ಗೆ ಇನ್ನಷ್ಟು ಜಾಗ ಸಿಗುತ್ತದೆ. ಬಂಪ್ ಸ್ಟಾಪ್ ಹೊಸದೇ ಹಾಕಿಸಿ. ನೂರಾರು ಡಾಲರ್ ಶಾಕ್‌ಗೆ ಸುರಿದು ಇದರಲ್ಲಿ ಉಳಿಸುವುದು ಯಾವ ನ್ಯಾಯ, ಅಲ್ವಾ?

ಸ್ಪ್ರಿಂಗ್ ಮಾರುವವರ ಹತ್ತಿರ ಅದರ ಸ್ಪ್ರಿಂಗ್ ರೇಟ್, ಅಂದರೆ ಅದು ಎಷ್ಟು ಗಟ್ಟಿ ಅನ್ನುವುದನ್ನು ಅಂಕಿಯಲ್ಲೇ ಕೇಳಿ. "ಸ್ಪೋರ್ಟ್" ಅನ್ನುವುದು ಅಂಕಿ ಅಲ್ಲ. ಜಪಾನಿನವರು ಕೆಜಿ ಲೆಕ್ಕ ಹೇಳುತ್ತಾರೆ, ಅಮೆರಿಕದವರು ಪೌಂಡ್ ಲೆಕ್ಕ. ಮಿಲಿಮೀಟರ್‌ಗೆ 1 ಕೆಜಿ ಅಂದರೆ ಇಂಚಿಗೆ ಸುಮಾರು 56 ಪೌಂಡ್. ಡಬಲ್ ವಿಶ್‌ಬೋನ್‌ನಲ್ಲಿ ಸ್ಪ್ರಿಂಗ್ ಚಕ್ರಕ್ಕಿಂತ ಒಳಗಿರುತ್ತದೆ. ಚಕ್ರ 10 ಮಿಲಿಮೀಟರ್ ಎದ್ದಾಗ ಸ್ಪ್ರಿಂಗ್ 7 ಮಿಲಿಮೀಟರ್ ಕುಗ್ಗಿದರೆ, 300 ಪೌಂಡ್ ಸ್ಪ್ರಿಂಗ್ ಚಕ್ರದ ಹತ್ತಿರ ಬರೀ 150ರ ಆಸುಪಾಸು ಅನ್ನಿಸುತ್ತದೆ (0.7ರಿಂದ ಎರಡು ಸಲ ಗುಣಿಸಬೇಕು). ಬೇರೆ ಕಾರಿನವರ ಅಂಕಿ ನೋಡಿ ಅದನ್ನೇ ನಿಮ್ಮ ಕಾರಿಗೆ ಹಾಕಿಸಬೇಡಿ.

ಬೆಂಗಳೂರಲ್ಲಿ ಹಳೇ ಕಾರಿನ ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಸುತ್ತು ಕಮ್ಮಿ ಆದರೆ ಸ್ಪ್ರಿಂಗ್ ಇನ್ನೂ ಗಟ್ಟಿಯಾಗುತ್ತದೆ. ಚಕ್ರ ಗುಂಡಿಗಿಳಿದಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ತನ್ನ ಜಾಗದಿಂದಲೇ ಸರಿಯಬಹುದು.

ಈಗಾಗಲೇ ಹಾಕಿಸಿದ್ದರೆ ಸುಮ್ನೆ ಒಂದು ಪರೀಕ್ಷೆ ಮಾಡಿ. ಶಾಕ್ ರಾಡ್‌ಗೆ ಒಂದು ಜಿಪ್ ಟೈ ಕಟ್ಟಿ, ಕೆಳಗೆ ಶಾಕ್‌ನ ಮೈಗೆ ತಾಗುವ ಹಾಗೆ ಸರಿಸಿ. ದಿನಾ ಓಡಾಡುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಜಿಪ್ ಟೈ ಬಂಪ್ ಸ್ಟಾಪ್ ತನಕ ಮೇಲೆ ಹೋಗಿದ್ದರೆ, ನಿಮ್ಮ ಕಾರು ಅದಕ್ಕೆ ತಾಗುತ್ತಿದೆ. ಅದನ್ನು ಸರಿಮಾಡಿಸುವ ತನಕ ಘಾಟಿ ರಸ್ತೆಗೆ ಒಯ್ಯಬೇಡಿ. ಸರಿಮಾಡಿಸಿದ ಮೇಲೆ ಬೋಲ್ಟ್‌ಗಳನ್ನು ಚಕ್ರದ ಮೇಲೆ ಭಾರ ಬಿದ್ದಾಗಲೇ ಬಿಗಿ ಮಾಡಿಸಿ, ಅಲೈನ್‌ಮೆಂಟ್‌ನ ಪ್ರಿಂಟ್‌ಔಟ್ ಕೈಗೆ ಬಂದ ಮೇಲೆಯೇ ಬಿಲ್ ಕಟ್ಟಿ.