ರೆವಿನ್ಯೂ ಸೈಟಿಗೆ ಅಡ್ವಾನ್ಸ್ ಕೊಡುವ ಮುಂಚೆ ನಮ್ಮ ಅಡುಗೆಮನೆ ಕಥೆ ಕೇಳಿ

ಹಳ್ಳಿ ಕಡೆ ಕಡಿಮೆ ದುಡ್ಡಿಗೆ ರೆವಿನ್ಯೂ ಸೈಟ್, ಅಂದರೆ ಕನ್ವರ್ಷನ್ ಮಾಡಿಸದೆ ಹೊಲವನ್ನೇ ಹರಿದು ಮಾರುವ ಸೈಟ್, ಸಿಗ್ತಿದೆ ಅಂತ ಯಾರಾದರೂ ಅಡ್ವಾನ್ಸ್ ಕೊಡಲು ಹೊರಟಿದ್ದರೆ ಸ್ವಲ್ಪ ನಿಂತು ಇದನ್ನು ಓದಿ. ನಾವು ಕೊಟ್ಟಾಗಿದೆ. ಮನೆ ಕಟ್ಟಿದ್ದೂ ಆಗಿದೆ. ಈಗ ಅನುಭವಿಸುತ್ತಿದ್ದೇವೆ.

ನಮ್ಮೂರು ತುಮಕೂರು ಜಿಲ್ಲೆಯದು. ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದೆ, ಯಜಮಾನರು ಗೂಡ್ಸ್ ಆಟೋ ಓಡಿಸುತ್ತಿದ್ದರು. ಊರಿನ ಹಳೇ ಹೆಂಚಿನ ಮನೆ ಮೂವರು ಅಣ್ಣತಮ್ಮಂದಿರಿಗೆ ಭಾಗ ಆಗಿ, ನಮ್ಮ ಪಾಲಿಗೆ ಬಂದದ್ದು ಒಂದು ಕೋಣೆ, ಅರ್ಧ ನಡುಮನೆ. ಹಬ್ಬಕ್ಕೆ ಹೋದರೆ ಕಾಲು ಚಾಚಿ ಮಲಗಲು ಜಾಗ ಇಲ್ಲ. ವಸತಿ ಯೋಜನೆಯಲ್ಲಿ ಮನೆ ಕೇಳೋಣ ಅಂತ ನಮ್ಮತ್ತೆ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟರು. ಮನೆ ಕಟ್ಟಲು ಸಹಾಯಧನ ಬೇಕಾದರೆ ಸ್ವಂತ ಸೈಟ್ ತೋರಿಸಬೇಕು, ಸೈಟ್ ಇಲ್ಲದವರದು ಬೇರೆ ಪಟ್ಟಿ ಅಂದರು. ಆ ಬೇರೆ ಪಟ್ಟಿಯವರಿಗೆ ಕೊಡಲು ಊರಲ್ಲಿ ಜಾಗವೇ ಇರಲಿಲ್ಲ. ಮೂರು ವರ್ಷ ಕಾದೆವು.

2019ರಲ್ಲಿ ಒಬ್ಬರು ಬಂದರು. ಊರಿಗೆಲ್ಲ ಬೇಕಾದ ಮನುಷ್ಯ, ಮಾವನವರ ಕಡೆಯಿಂದ ದೂರದ ನೆಂಟರು ಬೇರೆ. ರಸ್ತೆ ಪಕ್ಕದ ಒಂದು ರಾಗಿ ಹೊಲವನ್ನು ಮೂವತ್ತು–ನಲವತ್ತರ ಸೈಟುಗಳಾಗಿ ಹರಿದು, ಸುಣ್ಣದಲ್ಲಿ ಗೆರೆ ಎಳೆದು, ಮೂಲೆಗೊಂದು ಕಲ್ಲು ನೆಟ್ಟು, ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆಸಿದ್ದರು. ನಮ್ಮದು ಏಳನೇ ನಂಬರ್. 1,200 ಚದರಡಿ, ಅಂದರೆ ಗುಂಟೆಗಿಂತ ಚೂರು ಜಾಸ್ತಿ. ಮೂರೂವರೆ ಲಕ್ಷ.

“ನೋಡವ್ವ, ಪಂಚಾಯ್ತಿಲಿ ಖಾತೆ ನಾನೇ ಮಾಡಿಸಿಕೊಡ್ತೀನಿ. ಕರೆಂಟ್ ಬರುತ್ತೆ, ಕಂದಾಯ ಕಟ್ಟಿಸ್ಕೋತಾರೆ. ಇನ್ನೇನು ಬೇಕು?”

ನಿಜ ಹೇಳಬೇಕಂದ್ರೆ ನಮಗೂ ಅಷ್ಟೇ ಸಾಕು ಅನ್ನಿಸಿತು. ಕ್ರಯಪತ್ರ ಆಮೇಲೆ, ಕನ್ವರ್ಷನ್ (ಹೊಲವನ್ನು ಮನೆ ಕಟ್ಟುವ ಜಾಗವಾಗಿ ಬದಲಿಸುವ ಭೂಪರಿವರ್ತನೆ) ಆದ ಮೇಲೆ ರಿಜಿಸ್ಟರ್ ಮಾಡಿಸೋಣ ಅಂದರು. ಅಲ್ಲಿಯವರೆಗೆ ಛಾಪಾ ಕಾಗದದ ಮೇಲೆ ಕರಾರು, ಅದಕ್ಕೊಂದು ನೋಟರಿ ಸೀಲು. ಆ ದುಂಡಗಿನ ಸೀಲು ನೋಡಿ ನಮ್ಮತ್ತೆ ಕಾಗದವನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ದರು. ನೋಟರಿ ಸೀಲಿನಿಂದ ಜಮೀನು ಕೈ ಬದಲಾಗುವುದಿಲ್ಲ, ನೋಂದಣಿಯಾದ ಕ್ರಯಪತ್ರ ಇದ್ದರೆ ಮಾತ್ರ ಅಂತ ನಮಗೆ ಹೇಳಿದ್ದು ಬ್ಯಾಂಕಿನವರು. ಅದು ಗೋಡೆ ಎದ್ದ ಮೇಲೆ, ಮೋಲ್ಡಿಗೆ ದುಡ್ಡು ಸಾಲದೆ ಸಾಲ ಕೇಳಲು ಹೋದಾಗ. ಕ್ರಯಪತ್ರ ಇಲ್ಲ, ಭೂಪರಿವರ್ತನೆ ಆದೇಶ ಇಲ್ಲ, ಕಟ್ಟಡದ ಪರವಾನಗಿ ಇಲ್ಲ. ಮ್ಯಾನೇಜರ್ ಒಳ್ಳೆಯವರು, ಕೂರಿಸಿ ಟೀ ಕೊಟ್ಟು ಕಳಿಸಿದರು. ಮಾಂಗಲ್ಯದ ಸರ ಒಂದು ಬಿಟ್ಟು ಮಿಕ್ಕ ಚಿನ್ನವನ್ನೆಲ್ಲ ಅಡ ಇಟ್ಟು 2021ರಲ್ಲಿ ಮೋಲ್ಡ್ ಹಾಕಿಸಿದೆವು.

ಪರವಾನಗಿ ಯಾಕೆ ತೆಗೆಸಲಿಲ್ಲ ಅಂತ ಕೇಳ್ತೀರಿ. ಹಳ್ಳಿಯಲ್ಲಿ ಯಾರು ತೆಗೆಸುತ್ತಾರೆ, ಹೇಳಿ? ಪಂಚಾಯಿತಿ ಅನುಮತಿ ಇಲ್ಲದೆ ಮನೆ ಕಟ್ಟುವ ಹಾಗಿಲ್ಲ ಅಂತ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಆದರೆ ನಮ್ಮೂರಲ್ಲಿ ಪಾಯ ತೆಗೆಯುವ ದಿನ ಪೂಜೆಗೆ ಪೂಜಾರರನ್ನು ಕರೆಯುತ್ತಾರೆಯೇ ಹೊರತು ಪಂಚಾಯಿತಿ ಅಧಿಕಾರಿ ಪಿಡಿಒ ಹತ್ತಿರ ಯಾರೂ ಹೋಗುವುದಿಲ್ಲ. ನಾವೂ ಹೋಗಲಿಲ್ಲ. ಈ ತಪ್ಪು ನಮ್ಮದೇ.

ಖಾತೆಯೂ ಆಯ್ತು. ಕೈಗೆ ಬಂದದ್ದು ನಮೂನೆ 11ಬಿ. ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ, ಕನ್ವರ್ಷನ್ ಆಗಿ, ಬಡಾವಣೆ ನಕ್ಷೆ ಮಂಜೂರಾದ ಜಾಗಕ್ಕೆ, ಇಲ್ಲವೇ ಗ್ರಾಮಠಾಣದ, ಅಂದರೆ ಊರೊಳಗಿನ ಹಳೇ ವಸತಿ ಜಾಗದ, ಆಸ್ತಿಗೆ ಸಿಗುವುದು ನಮೂನೆ 9 ಮತ್ತು 11ಎ. ಇವಿಲ್ಲದ ಜಾಗಕ್ಕೆ 11ಬಿ. ಈ ವ್ಯತ್ಯಾಸ ಆಗ ಗೊತ್ತಿರಲಿಲ್ಲ. ಕಾಗದದ ಮೇಲೆ ಯಜಮಾನರ ಹೆಸರಿದೆ, ಸಾಕು ಅಂದುಕೊಂಡೆವು. ಕಂದಾಯವನ್ನೂ ಕಟ್ಟುತ್ತಾ ಬಂದೆವು.

2024ರ ಬೇಸಿಗೆಯಲ್ಲಿ ನಮ್ಮ ಹಿಂದಿನ ಹೊಲದವರು ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಅಳೆಸಿ ಗುರುತು ಹಾಕಿಸಲು, ಅರ್ಜಿ ಹಾಕಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಗಳು ಎದ್ದ ಮೇಲೆ ಅವರ ಹೊಲಕ್ಕೆ ಟ್ರ್ಯಾಕ್ಟರ್ ಹೋಗುತ್ತಿರಲಿಲ್ಲ, ರಾಗಿ ಹೊರೆಯನ್ನು ತಲೆ ಮೇಲೆ ಹೊತ್ತು ತರುತ್ತಿದ್ದರು. ಸರ್ವೆಯರ್ ಬಂದವರು ಮೊದಲು ಕೇಳಿದ್ದು, “ಬಾಂದು ಕಲ್ಲು ಎಲ್ಲಿದೆ?” ಅಂತ. ಯಜಮಾನರು ಕೆಂಪು ನಂಬರಿನ ಕಲ್ಲು ತೋರಿಸಿದರು. ಅವರು ನಕ್ಕುಬಿಟ್ಟರು. ಸರ್ವೆಯ ಗಡಿ ಗುರುತಾದ ನಿಜವಾದ ಬಾಂದು ಕಲ್ಲು ಹೊಲದ ಮೂಲೆಯಲ್ಲಿ, ಲಾಂಟಾನ ಪೊದೆಯೊಳಗೆ ಮುಕ್ಕಾಲು ಹೂತುಹೋಗಿತ್ತು. ಅಲ್ಲಿಂದ ಅಳೆಯುತ್ತಾ ಬಂದು ನಮ್ಮ ಗೋಡೆ ಹತ್ತಿರ ನಿಂತರು. “ಅಮ್ಮಾ, ಒಳಗೆ ಬರಬಹುದಾ?” ಅಂದರು. ಚಪ್ಪಲಿ ಬಿಟ್ಟು ಒಳಗೆ ಬಂದು ಅಡುಗೆಮನೆ ಗೋಡೆ ಮೇಲೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದರು.

ಗ್ರಾಮ ನಕ್ಷೆಯಲ್ಲಿ ಅಲ್ಲಿ ಬಂಡಿ ದಾರಿ ಇದೆ. ಗೆರೆ ಸರಿಯಾಗಿ ಕಟ್ಟೆಯ ನಡುವೆ ಹಾದುಹೋಗಿತ್ತು. ಒಲೆ ಇರುವ ಜಾಗ ಹೊಲದ್ದು, ಸಿಂಕ್ ಇರುವ ಜಾಗ ದಾರಿಯದು. ಬಚ್ಚಲುಮನೆ ಪೂರ್ತಿ ದಾರಿಯಲ್ಲೇ.

ಆಮೇಲೆ ಪಹಣಿ ತೆಗೆದು ನೋಡಿದರೆ ‘ಖರಾಬು ಬಿ, 3 ಗುಂಟೆ’ ಅಂತ ಬರೆದೇ ಇದೆ. ಆ ಪಹಣಿ ಕರಾರಿನ ಜೊತೆಗೇ ನಮಗೆ ಸಿಕ್ಕಿತ್ತು. ಮಾಲೀಕರ ಹೆಸರು ಮಾತ್ರ ನೋಡಿ ಮಡಚಿಟ್ಟಿದ್ದೆವು. ಬಿ ಖರಾಬು ಅಂದರೆ ದಾರಿ, ಹಳ್ಳ, ಇಂಥ ಎಲ್ಲರಿಗೂ ಸೇರಿದ ಜಾಗ. ಹೊಲದವರೇ ಅದನ್ನು ಮಾರುವ ಹಾಗಿಲ್ಲ. ಗ್ರಾಮ ನಕ್ಷೆಯನ್ನು ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು. ದಿಶಾಂಕ್ ಆ್ಯಪ್ ಹಾಕಿಕೊಂಡು ಹೊಲದಲ್ಲಿ ನಿಂತಿದ್ದರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಅಂತ ಫೋನೇ ಹೇಳುತ್ತಿತ್ತು. ಮೂರೂವರೆ ಲಕ್ಷ ಕೊಡುವ ಮುಂಚೆ ಅರ್ಧ ಗಂಟೆಯ ಕೆಲಸ.

ತಹಶೀಲ್ದಾರರ ನೋಟಿಸ್ ಬಂತು. ಭೂಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮ ಆಗುತ್ತೆ ಅಂತ ಆ ನೆಂಟರು ಮತ್ತೆ ಬಾಯಿ ಹಾಕಿದರು. ಅದು ಸರ್ಕಾರಿ ಜಾಗದಲ್ಲಿ ಗಡುವಿಗೆ ಮುಂಚೆ ಕಟ್ಟಿಕೊಂಡ ಹಳೇ ಮನೆಗಳಿಗೆ. ನಮ್ಮದು ಮೊನ್ನೆಮೊನ್ನೆ ಕಟ್ಟಿದ್ದು, ಅದೂ ದಾರಿ ಮೇಲೆ. ಬಚ್ಚಲುಮನೆಯನ್ನು ನಾವೇ ಒಡೆಸಿದೆವು. ಕಟ್ಟಿದ ಮೇಸ್ತ್ರಿಯೇ ಒಡೆಯಲು ಬಂದಿದ್ದರು, ಆ ದಿನದ ಕೂಲಿ ಬೇಡ ಅಂದರು. ಅಡುಗೆಮನೆ ವಿಚಾರ ಇನ್ನೂ ನಡೆಯುತ್ತಿದೆ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಪ್ರಧಾನಮಂತ್ರಿ ಆವಾಸ್ ಯೋಜನೆಗೆ ಹೊಸ ಪಟ್ಟಿ ಮಾಡಲು ಮನೆಮನೆ ಸಮೀಕ್ಷೆಗೆ ಬಂದರಲ್ಲ, ಆಗ ನಮ್ಮ ಮನೆಗೂ ಬಂದರು. ಬಯಲು ಸೀಮೆಗೆ 1.20 ಲಕ್ಷ ಸಹಾಯಧನ. ಬಂದವರು ತಲೆ ಎತ್ತಿ ಮೋಲ್ಡ್ ನೋಡಿದರು. “ನಿಮಗೆ ಪಕ್ಕಾ ಮನೆ ಇದೆಯಲ್ಲಮ್ಮ” ಅಂದರು. ಈ ಯೋಜನೆ ಮನೆ ಇಲ್ಲದವರಿಗೆ, ಕಚ್ಚಾ ಮನೆಯವರಿಗೆ. ಬ್ಯಾಂಕಿಗೆ ಹೋದರೆ ನಮಗೆ ಮನೆ ಇಲ್ಲ, ಸಹಾಯಧನ ಕೇಳಿದರೆ ಮನೆ ಇದೆ. ಕ್ರಯಪತ್ರ ಮಾಡಿಸೋಣ ಅಂದರೆ ಕನ್ವರ್ಷನ್ ಇವತ್ತಿಗೂ ಆಗಿಲ್ಲ. ಹೊಲದ ಮೂಲ ಮಾಲೀಕರು ತೀರಿಕೊಂಡರು, ಈಗ ಅವರ ಐದು ಜನ ಮಕ್ಕಳೂ ಸಹಿ ಹಾಕಬೇಕು. ಕಟ್ಟುಕಥೆಯಲ್ಲೂ ಸಿಗದ ಸಮಸ್ಯೆ, ಅಲ್ವಾ?

ನಮ್ಮ ನಂತರ ಕಟ್ಟಿದ ಒಂಬತ್ತನೇ ನಂಬರಿನವರಿಗೆ ಮೀಟರೂ ಸಿಕ್ಕಿಲ್ಲ. ಒಸಿ (ಕಟ್ಟಡ ವಾಸಕ್ಕೆ ಸರಿಯಿದೆ ಅಂತ ಕೊಡುವ ಸ್ವಾಧೀನಾನುಭವ ಪತ್ರ) ತನ್ನಿ ಅಂದರಂತೆ. ಪಕ್ಕದ ಮನೆಯಿಂದ ವೈರ್ ಎಳೆದುಕೊಂಡಿದ್ದಾರೆ.

ಹನ್ನೊಂದು ಮತ್ತು ಹನ್ನೆರಡನೇ ಸೈಟು ಇನ್ನೂ ಖಾಲಿ ಇವೆ. ಕಲ್ಲಿಗೆ ಈ ವರ್ಷ ಮತ್ತೆ ಕೆಂಪು ಬಣ್ಣ ಹೊಡೆಸಿದ್ದಾರೆ. ಹೋದ ಭಾನುವಾರ ಒಂದು ಹೊಸ ಜೋಡಿ ನೋಡಲು ಬಂದಿತ್ತು, ಹುಡುಗಿ ಬಸುರಿ. “ಅಕ್ಕಾ, ಇಲ್ಲಿ ನೀರು, ಕರೆಂಟು ಎಲ್ಲ ಇದೆಯಾ?” ಅಂತ ಬಾಗಿಲಲ್ಲಿ ನಿಂತು ಕೇಳಿದಳು. ಇದೆಯಮ್ಮ, ಒಳಗೆ ಬಾ ಅಂದೆ. ಚಾಕ್‌ಪೀಸಿನ ಗೆರೆಯನ್ನು ನಾನು ಇನ್ನೂ ಒರೆಸಿಲ್ಲ.